ಹುಟ್ಟಿನ ಲೆಕ್ಕವಿದೆ, ಸಾವಿನ ಲೆಕ್ಕವಿಲ್ಲ: ಕರ್ನಾಟಕದ ಸಂಘ-ಸಂಸ್ಥೆಗಳು ಎಷ್ಟು, ಎಂಥವು?

ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನಮ್ಮೂರಿನಲ್ಲಿ ಮೂರು ಯುವಕ ಸಂಘ, ಒಂದು ಭಜನಾ ಸಂಘ, ದೇವಸ್ಥಾನದ ಟ್ರಸ್ಟ್ ಕಮಿಟಿ, ಹೈಸ್ಕೂಲು ನಡೆಸುವ ವಿದ್ಯಾವರ್ಧಕ ಸಂಘ ಇವೆ. ಒಂದು ಮಹಿಳಾ ಮಂಡಳವೂ ಇದೆ. ನನ್ನ ಪತ್ನಿಯೇ ಬಹಳ ವರ್ಷ ಅದರ ಕಾರ್ಯದರ್ಶಿಯಾಗಿದ್ದಳು, ಈಗ ಅದಕ್ಕೆ ಬೀಗ ಬಿದ್ದಿದೆ. ಬೆಂಗಳೂರಿನಲ್ಲಿರುವ ಮಗ 'ಇವೆಲ್ಲ ಎನ್‌ಜಿಒ ಅಲ್ಲಪ್ಪಾ, ಎನ್‌ಜಿಒ ಅಂದರೆ ಬೇರೆ' ಅನ್ನುತ್ತಾನೆ. ನಮ್ಮ ರಾಜ್ಯದಲ್ಲಿ ಲಾಭಕ್ಕಾಗಿ ಅಲ್ಲದ ಸಂಸ್ಥೆಗಳು ಒಟ್ಟು ಎಷ್ಟಿವೆ? ಯಾವ ಯಾವ ಬಗೆಯವು? ಎರಡು ವರ್ಷದ ಹಿಂದೆ ತೀರಿಕೊಂಡ ಪತ್ನಿಯ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳ ಓದಿಗೆಂದು ಎರಡು ಲಕ್ಷ ರೂಪಾಯಿ ತೆಗೆದಿಟ್ಟಿದ್ದೇನೆ. ನಾನೇ ಒಂದು ಟ್ರಸ್ಟ್ ಮಾಡಲೋ, ಇರುವ ಸಂಸ್ಥೆಗೆ ಕೊಡಲೋ?

ಉತ್ತರ: ಗುರುಗಳೇ, ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಯೇ ನಿಮಗೆ ಮುಖ್ಯವೆಂದು ಪತ್ರ ಓದುತ್ತಲೇ ತಿಳಿಯಿತು. ಅದರ ಉತ್ತರ ಮೊದಲ ಎರಡು ಪ್ರಶ್ನೆಗಳ ಹೊಟ್ಟೆಯಲ್ಲಿಯೇ ಇರುವುದರಿಂದ ಸ್ವಲ್ಪ ಸುತ್ತಿ ಬರುತ್ತೇನೆ. ಮೂವತ್ತು ವರ್ಷಗಳಿಂದ ಸಂಘ-ಸಂಸ್ಥೆಗಳ ಲೆಕ್ಕ ತಪಾಸಣೆ ಮಾಡುತ್ತ ಬಂದಿದ್ದೇನೆ. ದೊಡ್ಡ ಶಿಕ್ಷಣ ಸಂಸ್ಥೆಗಳ ಲೆಡ್ಜರೂ ನೋಡಿದ್ದೇನೆ, ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದ ಗಣಪತಿ ಪಟ್ಟಿಯ ಲೆಕ್ಕವನ್ನೂ ನೋಡಿದ್ದೇನೆ.

ಮೊದಲು ನಿಮ್ಮ ಮಗನ ಮಾತು. ಎನ್‌ಜಿಒ ಎಂಬುದು ಕಾನೂನಿನ ಪದವಲ್ಲ, ಬಳಕೆಯ ಮಾತು. ಹಾಗೆಂದು ಯಾರೂ ನೋಂದಣಿ ಮಾಡಿಸಲಾಗದು. ಕಾನೂನು ಕೇಳುವುದು ಇಷ್ಟೇ: ಸಂಸ್ಥೆಯಲ್ಲಿ ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುತ್ತಾರೋ, ಉದ್ದೇಶಕ್ಕೇ ಮರಳಿ ಹಾಕುತ್ತಾರೋ? ಹಂಚಿಕೊಳ್ಳುವುದಿಲ್ಲ ಎಂದಾದರೆ ಅದು ಲಾಭಕ್ಕಲ್ಲದ ಸಂಸ್ಥೆ. ಆ ಲೆಕ್ಕದಲ್ಲಿ ನಿಮ್ಮೂರಿನ ಭಜನಾ ಸಂಘವೂ ಬೆಂಗಳೂರಿನ ಗಾಜಿನ ಕಟ್ಟಡದಲ್ಲಿರುವ ಫೌಂಡೇಶನ್ನೂ ಒಂದೇ ಜಾತಿ. ನಿಮ್ಮೂರಿನ ಹಾಲಿನ ಡೇರಿ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಮಾತ್ರ ಈ ಪಂಗಡಕ್ಕೆ ಸೇರುವುದಿಲ್ಲ, ಅವು ಲಾಭಾಂಶ ಹಂಚುತ್ತವೆ. ದೇಶದ ಮೊದಲ ಸಹಕಾರ ಸಂಘ 1905ರಲ್ಲಿ ನಿಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿಯೇ ಹುಟ್ಟಿತು ಎಂಬ ಹೆಮ್ಮೆ ಬೇರೆ, ಈ ಲೆಕ್ಕ ಬೇರೆ.

ಈಗ 'ಎಷ್ಟು' ಎಂಬ ಪ್ರಶ್ನೆ. ಇದಕ್ಕೆ ಒಂದೇ ಸಂಖ್ಯೆಯ ಉತ್ತರ ಯಾರಾದರೂ ಕೊಟ್ಟರೆ ನಂಬಬೇಡಿ. ಸಂಸ್ಥೆಯೊಂದು ಹುಟ್ಟಲು ನಮ್ಮಲ್ಲಿ ಹಲವು ಬಾಗಿಲುಗಳಿವೆ, ಒಂದೊಂದು ಬಾಗಿಲಲ್ಲೂ ಬೇರೆ ಬೇರೆ ಪುಸ್ತಕವಿದೆ, ಆ ಪುಸ್ತಕಗಳು ಒಂದನ್ನೊಂದು ನೋಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಬಾಗಿಲು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960. ಏಳು ಜನ ಸೇರಿ, ಉದ್ದೇಶ ಬರೆದು, ಬೈಲಾ ಕೊಟ್ಟು, ಶುಲ್ಕ ಕಟ್ಟಿದರೆ ಸಂಘ ಹುಟ್ಟಿತು. ಇದನ್ನು ನೋಡಿಕೊಳ್ಳುವುದು ಸಹಕಾರ ಇಲಾಖೆ. ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರೇ ಈ ಸಂಘಗಳಿಗೂ ಜಿಲ್ಲಾ ನೋಂದಣಾಧಿಕಾರಿ. ಈ ಕಾಯ್ದೆ ಬರುವ ಮುನ್ನ ಹಳೇ ಮೈಸೂರಿನಲ್ಲಿ 1904ರ ಕಾಯ್ದೆ ಇತ್ತು, ನಿಮ್ಮ ಮುಂಬೈ ಕರ್ನಾಟಕದಲ್ಲಿ ಬ್ರಿಟಿಷರ 1860ರ ಕಾಯ್ದೆ. ಏಕೀಕರಣದ ನಂತರವೇ ಎಲ್ಲಕ್ಕೂ ಒಂದೇ ಕಾಯ್ದೆ ಆದದ್ದು.

ಎರಡನೆಯದು ಟ್ರಸ್ಟ್. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ, ಛಾಪಾ ಕಾಗದದ ಮೇಲೆ ಟ್ರಸ್ಟ್ ಡೀಡ್ ಬರೆಸಿ ನೋಂದಾಯಿಸಿದರೆ ಆಯಿತು. ಮನೆ, ಹೊಲದ ಖರೀದಿಪತ್ರಗಳ ನಡುವೆಯೇ ಆ ಕಾಗದವೂ ಕೂರುತ್ತದೆ. ವರ್ಷ ವರ್ಷ ಲೆಕ್ಕ ತೋರಿಸಿ ಎಂದು ಸಬ್ ರಿಜಿಸ್ಟ್ರಾರ್ ಕೇಳುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಮಹಾರಾಷ್ಟ್ರ, ಗುಜರಾತಿನಲ್ಲಿ ಸಾರ್ವಜನಿಕ ಟ್ರಸ್ಟ್‌ಗಳ ಮೇಲೆ ಕಣ್ಣಿಡಲು ಚಾರಿಟಿ ಕಮಿಷನರ್ ಇದ್ದಾರೆ. ನಿಮ್ಮ ಭಾಗದಲ್ಲಿಯೂ ಮುಂಬೈ ಸಾರ್ವಜನಿಕ ಟ್ರಸ್ಟ್ ಕಾಯ್ದೆ, 1950 ಬಹುಕಾಲ ಜಾರಿಯಲ್ಲಿತ್ತು. ಕರ್ನಾಟಕದ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ 2003ರಲ್ಲಿ ಜಾರಿಗೆ ಬಂದಾಗ ಅದು ರದ್ದಾಯಿತು. ಅದರ ಜಾಗಕ್ಕೆ ಎಲ್ಲ ಧರ್ಮಾರ್ಥ ಟ್ರಸ್ಟ್‌ಗಳನ್ನೂ ನೋಡುವ ಅಧಿಕಾರಿ ಬರಲೇ ಇಲ್ಲ. ಇವತ್ತು ಸಾರ್ವಜನಿಕ ಟ್ರಸ್ಟೊಂದು ದಾರಿ ತಪ್ಪಿದರೆ ಆಸಕ್ತರು ಇಬ್ಬರಾದರೂ ಸೇರಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಅನುಮತಿ ಪಡೆದು ಕೋರ್ಟಿಗೆ ಹೋಗಬೇಕು. ಹಳ್ಳಿಯ ಜನಕ್ಕೆ ಅದು ಆಗುವ ಮಾತೇ? ನನ್ನ ಮಟ್ಟಿಗೆ ಇದು ನಮ್ಮ ರಾಜ್ಯದ ನಿಜವಾದ ಕೊರತೆ.

ಮೂರನೆಯದು ಕಂಪನಿ ಕಾಯ್ದೆಯ 8ನೇ ಕಲಮಿನ ಕಂಪನಿ. ಇದು ಪೇಟೆಯವರ ಬಾಗಿಲು. ಸಂಖ್ಯೆ ಕಡಿಮೆ, ಕಾಗದಪತ್ರ ಹೆಚ್ಚು. ಇವಲ್ಲದೆ ವಕ್ಫ್ ಸಂಸ್ಥೆಗಳಿಗೆ ವಕ್ಫ್ ಮಂಡಳಿ, ಮುಜರಾಯಿ ದೇವಸ್ಥಾನಗಳಿಗೆ ಧಾರ್ಮಿಕ ದತ್ತಿ ಇಲಾಖೆ. ಮುಜರಾಯಿ ಪಟ್ಟಿಯಲ್ಲಿಯೇ ಸುಮಾರು 34 ಸಾವಿರ ದೇವಸ್ಥಾನಗಳಿವೆ. ವರ್ಷಕ್ಕೆ 25 ಲಕ್ಷ ರೂಪಾಯಿ ಮೀರಿದ ಆದಾಯದವು 'ಎ', 5ರಿಂದ 25 ಲಕ್ಷದವು 'ಬಿ', ಅದಕ್ಕಿಂತ ಕಡಿಮೆಯವು 'ಸಿ'. 'ಎ' ಮತ್ತು 'ಬಿ' ಎರಡೂ ಸೇರಿ ಕೆಲವೇ ನೂರು, ಉಳಿದ ಸಾವಿರ ಸಾವಿರವೆಲ್ಲ 'ಸಿ'. ಈ ಆಕಾರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ತುದಿಯಲ್ಲಿ ಬೆರಳೆಣಿಕೆಯ ದೊಡ್ಡವು, ಬುಡದಲ್ಲಿ ಎಣಿಸಲಾರದಷ್ಟು ಸಣ್ಣವು. ಅಂದಹಾಗೆ ನಿಮ್ಮೂರಿನ ದೇವಸ್ಥಾನ ಮುಜರಾಯಿಗೆ ಸೇರಿದ್ದರೆ ಅದಕ್ಕಿರುವುದು ವ್ಯವಸ್ಥಾಪನಾ ಸಮಿತಿ. ಜನ ಬಾಯಿಮಾತಿಗೆ ಟ್ರಸ್ಟ್ ಕಮಿಟಿ ಎನ್ನುತ್ತಾರೆ, ಕಾನೂನಿನ ಪ್ರಕಾರ ಎರಡೂ ಒಂದಲ್ಲ.

ಹಾಗಾದರೆ ಎಲ್ಲ ಪುಸ್ತಕಗಳನ್ನೂ ಕೂಡಿಸಿದರೆ? ಆ ಕೆಲಸವನ್ನು ದೇಶದ ಮಟ್ಟದಲ್ಲಿ ಕೇಂದ್ರ ಸಾಂಖ್ಯಿಕ ಕಚೇರಿ ಒಮ್ಮೆ ಮಾಡಿತು, 2012ರಲ್ಲಿ ವರದಿ ಬಂತು. ನೋಂದಣಿ ಕಚೇರಿಗಳ ಪುಸ್ತಕ ನೋಡಿ ಬರೆದುಕೊಂಡಾಗ ಸಿಕ್ಕ ಹೆಸರುಗಳು 31 ಲಕ್ಷಕ್ಕೂ ಹೆಚ್ಚು. ಆಮೇಲೆ ವಿಳಾಸ ಹಿಡಿದು ಹುಡುಕಿಕೊಂಡು ಹೋದರು. ಎಲ್ಲ ವಿಳಾಸಕ್ಕೂ ಹೋಗಲಾಗಲಿಲ್ಲ, ನಿಜ. ಆದರೆ ಹುಡುಕಿದಲ್ಲಿ ಕೈಗೆ ಸಿಕ್ಕವು ಏಳು ಲಕ್ಷಕ್ಕೂ ಕಡಿಮೆ. 2015ರಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಮೊಕದ್ದಮೆಯೊಂದಕ್ಕಾಗಿ ಸಿಬಿಐ ರಾಜ್ಯಗಳಿಂದ ಅಂಕಿ ತರಿಸಿಕೊಂಡಿತು. ಮತ್ತೆ 31 ಲಕ್ಷದ ಆಸುಪಾಸು, ಅವುಗಳಲ್ಲಿ ಲೆಕ್ಕಪತ್ರ ಸಲ್ಲಿಸಿದ್ದವು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಆ ಹೊತ್ತಿಗೆ ಅಂಕಿ ಇನ್ನೂ ಸೇರದೇ ಇದ್ದ ಮೂರು ರಾಜ್ಯಗಳಲ್ಲಿ ಒಂದು ಯಾವುದು ಗೊತ್ತೇ? ನಮ್ಮದೇ. ಒಡಿಶಾ ಮತ್ತು ತೆಲಂಗಾಣ ಉಳಿದೆರಡು.

ಇಷ್ಟು ದೊಡ್ಡ ಅಂತರ ಹೇಗೆ ಬಂತು? ಉತ್ತರ ಸರಳ. ನೋಂದಣಿ ಪುಸ್ತಕದಲ್ಲಿ ಹುಟ್ಟು ಬರೆಯುತ್ತಾರೆ, ಸಾವು ಬರೆಯುವುದಿಲ್ಲ. ನಾನು ಈ ವೃತ್ತಿಗೆ ಬಂದ ಹೊಸದರಲ್ಲಿ, ಹಿರಿಯರೊಬ್ಬರು ಒಂದು ಯುವಕ ಸಂಘದ ಹಳೆಯ ಲೆಕ್ಕ ತರಲು ನನ್ನನ್ನು ಹಳ್ಳಿಯೊಂದಕ್ಕೆ ಕಳಿಸಿದ್ದರು. ಬಸ್ಸಿಳಿದು ಕೇಳುತ್ತ ಹೋದೆ. ಸಂಘದ ಬೋರ್ಡು ಚಹಾ ಅಂಗಡಿಯ ಹಿಂಬದಿಯ ತಡಿಕೆಗೆ ಗೋಡೆಯಾಗಿ ನಿಂತಿತ್ತು, ನೋಂದಣಿ ಸಂಖ್ಯೆ ಇನ್ನೂ ಸ್ಪಷ್ಟವಾಗಿ ಓದುವಂತಿತ್ತು. ಅಧ್ಯಕ್ಷರು ತೀರಿಕೊಂಡಿದ್ದರು, ಕಾರ್ಯದರ್ಶಿ ಗೋವಾಕ್ಕೆ ದುಡಿಯಲು ಹೋಗಿದ್ದರು. ಅಂಗಡಿಯವರು ಚಹಾ ಕೊಟ್ಟು, 'ಒಂದು ಕಾಲಕ್ಕ ಭಾರಿ ನಾಟಕ ಮಾಡಿಸ್ತಿದ್ರು ಸರ್' ಅಂದರು. ಆ ಸಂಘ ಸರ್ಕಾರದ ಪುಸ್ತಕದಲ್ಲಿ ಇವತ್ತಿಗೂ ಜೀವಂತ ಇದ್ದರೆ ನನಗೆ ಆಶ್ಚರ್ಯವಿಲ್ಲ.

ಸಂಘ ಮುಚ್ಚಲು ಕಾಯ್ದೆಯಲ್ಲಿ ದಾರಿ ಇದೆ. ಸಭೆ ಕರೆಯಬೇಕು, ಸಾಲ ತೀರಿಸಬೇಕು, ಉಳಿದ ಆಸ್ತಿಯನ್ನು ತಮ್ಮೊಳಗೆ ಹಂಚಿಕೊಳ್ಳದೆ ಅಂಥದೇ ಉದ್ದೇಶದ ಬೇರೆ ಸಂಸ್ಥೆಗೆ ಬಿಡಬೇಕು. ಸಂಘವನ್ನು ಹುಟ್ಟಿಸುವ ಉತ್ಸಾಹದಲ್ಲಿ ಏಳು ಜನ ಸೇರುತ್ತಾರೆ, ಮುಚ್ಚುವ ಕಾಗದಕ್ಕೆ ಸಹಿ ಹಾಕಲು ಮೂವರೂ ಸಿಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಸಂಘಗಳು ಮುಚ್ಚುವುದಿಲ್ಲ, ಸುಮ್ಮನಾಗುತ್ತವೆ. ಇನ್ನೊಂದು ತೊಡಕು ನಿಮ್ಮ ಜಿಲ್ಲೆಗೇ ಸೇರಿದ್ದು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ, ಧಾರವಾಡದಿಂದ ಒಡೆದು. ಅದಕ್ಕೂ ಹಿಂದಿನ ಸಂಘಗಳ ಮೂಲ ನೋಂದಣಿಯಾದದ್ದು ಧಾರವಾಡದಲ್ಲಿ. ಹಳೆಯ ಸಂಘದ ಕಾಗದ ಹುಡುಕುವವರು ಎರಡೂ ಊರಿಗೆ ಅಲೆಯುವುದನ್ನು ಬೇಕಾದಷ್ಟು ನೋಡಿದ್ದೇನೆ.

ಹಾಗಾಗಿ 'ಎಷ್ಟು' ಎಂದು ಕೇಳಿದವರಿಗೆ ನಾನು ತಿರುಗಿ ಕೇಳುವುದು: ಹೋದ ವರ್ಷ ಮಹಾಸಭೆ ನಡೆಸಿದವು ಎಷ್ಟು? 1960ರ ಕಾಯ್ದೆಯ 13ನೇ ಕಲಮು ಪ್ರತಿ ವರ್ಷ ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಲ್ಲಿಸಬೇಕೆನ್ನುತ್ತದೆ. ಸಲ್ಲಿಸಿದವನ್ನು ಮಾತ್ರ ಎಣಿಸಿ. ಸಿಗುವ ಸಂಖ್ಯೆ ಚಿಕ್ಕದು, ಆದರೆ ಉಸಿರಾಡುವ ಸಂಸ್ಥೆಗಳದು.

ಇನ್ನು ಬಗೆಗಳು. ಇಲ್ಲಿ ನನಗೆ ಮಾತು ಹೆಚ್ಚಾಗುತ್ತದೆ, ಕ್ಷಮಿಸಿ.

ನೋಂದಣಿ ಪುಸ್ತಕ ತೆರೆದರೆ ಮೊದಲು ಅಚ್ಚರಿ ಹುಟ್ಟಿಸುವುದು ಅದರಲ್ಲಿ ಸರ್ಕಾರವೂ ಇದೆ ಎಂಬುದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಶಾಲಾ ಕಟ್ಟಡ, ಅಂಗನವಾಡಿ ಕಟ್ಟುವ ನಿರ್ಮಿತಿ ಕೇಂದ್ರಗಳು ಸಂಘಗಳೇ. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘವೂ ಹಾಗೆಯೇ. 1989ರಲ್ಲಿ ಶುರುವಾಗಿ ಸಾವಿರಾರು ದಲಿತ, ಹಿಂದುಳಿದ ಹೆಣ್ಣುಮಕ್ಕಳಿಗೆ ಗುಂಪಿನ ಬಲ ಕೊಟ್ಟ ಮಹಿಳಾ ಸಮಖ್ಯ ಕರ್ನಾಟಕವೂ ಸರ್ಕಾರದ ಹಣದಲ್ಲಿ ನಡೆದ ಒಂದು ನೋಂದಾಯಿತ ಸಂಘವೇ ಆಗಿತ್ತು. ಪಕ್ಕದ ಪುಟದಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ, ಅದರ ಪಕ್ಕದಲ್ಲಿ ನಿವೃತ್ತ ನೌಕರರ ಸಂಘ, ಕೇರಂ ಕ್ಲಬ್ಬು, ಅಭಿಮಾನಿಗಳ ಸಂಘ. ಅಪಾರ್ಟ್‌ಮೆಂಟಿನವರು 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಹೋಗಬೇಕೋ 1960ರ ಕಾಯ್ದೆಯಡಿಯೋ ಎಂಬ ಜಗ್ಗಾಟ ಕೋರ್ಟಿನವರೆಗೂ ಹೋಗಿದೆ. ನೂರು ಮನೆಗಳ ನೀರಿನ ಮೋಟರು, ಲಿಫ್ಟು ನೋಡಿಕೊಳ್ಳುವ ಸಂಘವೂ, ಕುಷ್ಠರೋಗಿಗಳಿಗೆ ಔಷಧ ಕೊಡುವ ಸಂಘವೂ ಒಂದೇ ಪುಸ್ತಕದಲ್ಲಿ ಒಂದೊಂದು ಸಾಲು.

ಹಣದ ತೂಕ ನೋಡಿದರೆ ಚಿತ್ರವೇ ತಿರುಗಿಬಿಡುತ್ತದೆ. ಸಾಲುಗಳ ಸಂಖ್ಯೆಯಲ್ಲಿ ಯುವಕ ಸಂಘ, ಮಹಿಳಾ ಮಂಡಳ, ಸಾಂಸ್ಕೃತಿಕ ಸಂಘಗಳದೇ ಮೇಲುಗೈ. ರೂಪಾಯಿಯಲ್ಲಿ ನೋಡಿದರೆ ಶಿಕ್ಷಣ ಮತ್ತು ಆಸ್ಪತ್ರೆ. ಉತ್ತರ ಕರ್ನಾಟಕದವರಾದ ನಿಮಗೆ ಇದನ್ನು ಹೇಳಬೇಕಿಲ್ಲ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರದು. ವಿಜಯಪುರದ ಬಿಎಲ್‌ಡಿಇ 1910ರದು. ಕೆಎಲ್‌ಇ ಸಂಸ್ಥೆಯನ್ನು 1916ರಲ್ಲಿ ಬೆಳಗಾವಿಯಲ್ಲಿ ಕಟ್ಟಿದವರು ಏಳು ಮಂದಿ ಶಿಕ್ಷಕರು, ಜನ ಇಂದಿಗೂ ಅವರನ್ನು ಸಪ್ತರ್ಷಿಗಳೆನ್ನುತ್ತಾರೆ. ಸಂಘಕ್ಕೆ ಏಳು ಜನ ಬೇಕೆಂಬ ಕಾಯ್ದೆಯ ಮಾತು ಓದಿದಾಗಲೆಲ್ಲ ನನಗೆ ಆ ಏಳು ಮೇಷ್ಟರು ನೆನಪಾಗುತ್ತಾರೆ. ಕೈಯಲ್ಲಿ ಹಣವಿರಲಿಲ್ಲ, ದಾನಿಗಳನ್ನು ಹುಡುಕಿಕೊಂಡು ಊರೂರು ಸುತ್ತಿದರು. ಇವತ್ತು ಅದೇ ಸಂಘದ ಕೈಯಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಮಣಿಪಾಲದಲ್ಲಿ 1942ರ ಅಕಾಡೆಮಿ ಆಫ್ ಜನರಲ್ ಎಜುಕೇಶನ್, ಮೈಸೂರಿನಲ್ಲಿ 1954ರ ಜೆಎಸ್‌ಎಸ್ ಮಹಾವಿದ್ಯಾಪೀಠ, ಕಲಬುರಗಿಯಲ್ಲಿ 1958ರ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, ಬೆಂಗಳೂರಿನಲ್ಲಿ 1966ರ ಅಲ್-ಅಮೀನ್. ಸರ್ಕಾರಿ ಕಾಲೇಜು ಬರುವ ಮೊದಲೇ ಊರೂರಿಗೆ ಕಾಲೇಜು ತಂದವು ಇಂಥ ಸಂಘಗಳು. ಇಂದು ಲಕ್ಷಗಟ್ಟಲೆ ಫೀಸು ತೆಗೆದುಕೊಳ್ಳುವ ಕಾಲೇಜುಗಳು ಕಾಗದದಲ್ಲಿ ಲಾಭಕ್ಕಲ್ಲದವು ಎಂದರೆ ಜನಕ್ಕೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಅದೇ ಸಂಘ ಪೇಟೆಯಲ್ಲಿ ಗಳಿಸಿದ್ದರಿಂದಲೇ ಹಳ್ಳಿಯ ನಷ್ಟದ ಶಾಲೆಯನ್ನು ನಡೆಸುವುದನ್ನೂ ಲೆಡ್ಜರಿನಲ್ಲಿ ನೋಡಿದ್ದೇನೆ. ಫೀಸಿನ ಮೊತ್ತ ನೋಡಿದರೆ ಸಾಲದು, ಉಳಿಕೆ ಎಲ್ಲಿಗೆ ಹರಿಯಿತು ಎಂದು ನೋಡಬೇಕು.

ಇನ್ನು ಮಠಗಳು. ಲಾಭಕ್ಕಲ್ಲದ ಸಂಸ್ಥೆಗಳನ್ನು ವಿಂಗಡಿಸಲು ಜಗತ್ತಿನ ವಿದ್ವಾಂಸರು ಹನ್ನೆರಡು ಖಾನೆಗಳ ಪಟ್ಟಿ ಮಾಡಿದ್ದಾರೆ: ಸಂಸ್ಕೃತಿ ಒಂದು, ಶಿಕ್ಷಣ ಒಂದು, ಆರೋಗ್ಯ ಒಂದು, ಧರ್ಮ ಒಂದು, ಹೀಗೆ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಯಾವ ಖಾನೆಗೆ ಹಾಕುತ್ತೀರಿ? ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ನಿಮ್ಮ ಜಿಲ್ಲೆಯ ಹಾನಗಲ್ಲ ಸೀಮೆಯವರೇ, ಇಬ್ಬರೂ ಕಣ್ಣಿಲ್ಲದವರು. ಅಲ್ಲಿ ಕಣ್ಣಿಲ್ಲದ, ಕೈಕಾಲು ನೆಟ್ಟಗಿಲ್ಲದ, ಅಪ್ಪ-ಅಮ್ಮ ಇಲ್ಲದ ಮಕ್ಕಳು ಊಟ ಮಾಡಿ, ಹಾಡು ಕಲಿತು, ಗವಾಯಿಗಳಾಗಿ ಹೊರಬರುತ್ತಾರೆ. ಅದು ಧರ್ಮವೇ, ಸಂಗೀತವೇ, ಅಂಗವಿಕಲರ ಸೇವೆಯೇ, ಅನ್ನದಾನವೇ? ಒಂದು ಖಾನೆಗೆ ಹಾಕಿದ ಕೂಡಲೇ ಉಳಿದ ಮೂರು ಖಾನೆಗಳ ಲೆಕ್ಕ ಸುಳ್ಳಾಗುತ್ತದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಪುಕ್ಕಟೆ ಉಂಡು, ಉಳಿದು, ಓದುತ್ತಾರೆ. ಆ ಅಡುಗೆಮನೆಯ ಒಲೆ ಹೊತ್ತಿಸುವ ಹಣ ಬರುವುದು ಭಕ್ತರ ಅಕ್ಕಿ ಚೀಲ, ಬೇಳೆ, ಬೆಲ್ಲದ ರೂಪದಲ್ಲಿಯೂ ಹೌದು. ಯಾವ ಸಮೀಕ್ಷೆಯ ನಮೂನೆಯಲ್ಲಿ ಅಕ್ಕಿ ಚೀಲ ಬರೆಯಲು ಜಾಗವಿದೆ? ದಾಸೋಹ ಎಂಬ ಮಾತು ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ ಸರ್ಕಾರ ತನ್ನ ಬಿಸಿಯೂಟದ ಯೋಜನೆಗೇ ಅಕ್ಷರ ದಾಸೋಹ ಎಂದು ಹೆಸರಿಟ್ಟಿತು. 2000ನೇ ಇಸವಿಯಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಟ್ಟು ಶುರುವಾದ ಅಕ್ಷಯ ಪಾತ್ರ ಇಂದು ಹಲವು ರಾಜ್ಯಗಳಲ್ಲಿ ದಿನಕ್ಕೆ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಬಡಿಸುತ್ತದೆ.

ಕಲೆ, ಸಾಹಿತ್ಯದ ಸಂಘಗಳನ್ನು ಲೆಕ್ಕಿಗರು ಕೊನೆಯ ಸಾಲಿಗೆ ತಳ್ಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟದಿದ್ದರೆ, ಬೆಂಗಳೂರಿನಲ್ಲಿ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟದಿದ್ದರೆ ಕರ್ನಾಟಕ ಎಂಬ ರಾಜ್ಯದ ಮಾತೇ ಬೇರೆಯಾಗುತ್ತಿತ್ತು. ರಾಜ್ಯವೇ ಇಂಥ ಸಂಘಗಳ ಕೂಸು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ನೋಂದಣಿ ಪುಸ್ತಕದಲ್ಲಿ ಇನ್ನೊಂದು ಊರ ನಾಟಕದ ಸಂಘವಷ್ಟೇ. ನೀನಾಸಂ ಎಂದರೆ ಮಾತ್ರ ದೇಶಕ್ಕೆಲ್ಲ ಗೊತ್ತು. ನಾನು ಹುಡುಕಿಕೊಂಡು ಹೋದ ಆ ಚಹಾ ಅಂಗಡಿಯ ಹಿಂಬದಿಯ ಸಂಘಕ್ಕೂ ನೀನಾಸಂಗೂ ಹುಟ್ಟಿದ ದಿನ ಬೈಲಾದಲ್ಲಿ ಹೆಚ್ಚು ವ್ಯತ್ಯಾಸ ಇದ್ದಿರಲಾರದು. ಮುಂದೆ ಆದ ವ್ಯತ್ಯಾಸ ದಶಕಗಳ ಕಾಲ ತಪ್ಪದೆ ನಡೆದ ದುಡಿಮೆಯದು.

ನಿಮ್ಮ ಮಗ ಎನ್‌ಜಿಒ ಎನ್ನುವಾಗ ಅವನ ಮನಸ್ಸಿನಲ್ಲಿರುವುದು ಬಹುಶಃ ಇನ್ನೊಂದು ಪದರ: ಸಂಬಳದ ಕಾರ್ಯಕರ್ತರು, ಯೋಜನೆ, ಅನುದಾನ ಇರುವ ಸಂಸ್ಥೆಗಳು. ಇವೂ ನಮ್ಮ ರಾಜ್ಯದ ದೊಡ್ಡ ಆಸ್ತಿ. 1959ರಿಂದ ಬೆಂಗಳೂರಿನಲ್ಲಿ ಅಂಗವಿಕಲರ ಜೊತೆ ದುಡಿಯುತ್ತಿರುವ ಎಪಿಡಿ ಇದೆ. 1981ರಿಂದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಅವರು ಸೋಲಿಗರೊಂದಿಗೆ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, 1984ರಿಂದ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇವೆ. ನಾನು ಹೆಚ್ಚು ಹೊತ್ತು ನಿಲ್ಲಲು ಬಯಸುವುದು ಮೈರಾಡ ಎಂಬ ಸಂಸ್ಥೆಯ ಕತೆಯ ಬಳಿ. ಅದು ಹುಟ್ಟಿದ್ದು 1968ರಲ್ಲಿ, ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಟ್ಟಿಕೊಡಲು. ಆ ಕೆಲಸ ಮುಗಿಯುತ್ತ ಬಂದಾಗ ಬರದ ಹಳ್ಳಿಗಳ ಬಡವರ ಕಡೆ ತಿರುಗಿತು. 80ರ ದಶಕದ ನಡುವೆ ದೊಡ್ಡ ಸಹಕಾರ ಸಂಘಗಳು ಕೆಲವು ಊರುಗಳಲ್ಲಿ ಕುಸಿದಾಗ, ಒಬ್ಬರನ್ನೊಬ್ಬರು ನಂಬುವ ಹದಿನೈದಿಪ್ಪತ್ತು ಜನ ತಾವೇ ಗುಂಪಾಗಿ ಉಳಿತಾಯ ಶುರುಮಾಡಿದರು. ಮೈರಾಡ ಆ ಗುಂಪುಗಳನ್ನು ಗಮನಿಸಿತು, ಬೆಳೆಸಿತು, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಬೆಂಬಲ ಕೊಟ್ಟಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. ನಿಮ್ಮೂರಿನ ಸ್ತ್ರೀಶಕ್ತಿ ಸಂಘ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಸಂಘ, ಎಲ್ಲವೂ ಆ ದಾರಿಯಲ್ಲಿಯೇ ಬಂದವು. ಒಂದು ಸಂಸ್ಥೆ ಎಷ್ಟು ದೊಡ್ಡದು ಎನ್ನುವುದು ಅದರ ಬ್ಯಾಲೆನ್ಸ್ ಶೀಟಿನಿಂದಷ್ಟೇ ತಿಳಿಯದು ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಈ ಸ್ವಸಹಾಯ ಗುಂಪುಗಳಲ್ಲಿ ಬಹುಪಾಲು ಯಾವ ಪುಸ್ತಕದಲ್ಲಿಯೂ ಸಂಘವಾಗಿ ನೋಂದಣಿಯಾಗಿಲ್ಲ ಎಂಬುದನ್ನೂ ಗಮನಿಸಿ. ನೋಂದಾಯಿತ ಸತ್ತ ಸಂಘಗಳು ಲೆಕ್ಕದಲ್ಲಿವೆ, ಪ್ರತಿ ವಾರ ತಪ್ಪದೆ ಸೇರುವ ಜೀವಂತ ಗುಂಪುಗಳು ಲೆಕ್ಕದ ಹೊರಗಿವೆ.

ಹಣ ಹಂಚಿಕೆಯ ಬಗ್ಗೆ ಒಂದು ನೋವಿನ ಮಾತು. ದೊಡ್ಡ ಕಂಪನಿಗಳು ತಮ್ಮ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಸಿಎಸ್‌ಆರ್ ನಿಯಮ 2014ರಿಂದ ಜಾರಿಯಲ್ಲಿದೆ. ಆ ಹಣ ಹೆಚ್ಚು ಹರಿಯುವ ರಾಜ್ಯಗಳಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ವಿದೇಶಿ ದೇಣಿಗೆ ಪಡೆಯುವುದರಲ್ಲಿಯೂ ಅಷ್ಟೇ. ಆದರೆ ಅದು ಬಂದು ನಿಲ್ಲುವುದು ಹೆಚ್ಚಾಗಿ ಬೆಂಗಳೂರಿನ ಸುತ್ತ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು, ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಕಲಬುರಗಿ ವಿಭಾಗದಲ್ಲಿ. ಎಲ್ಲಿ ಕೆಲಸ ಹೆಚ್ಚು ಬೇಕೋ ಅಲ್ಲಿ ಒಳ್ಳೆಯ ಪ್ರಾಜೆಕ್ಟ್ ರಿಪೋರ್ಟ್ ಬರೆಯಬಲ್ಲವರು ಕಡಿಮೆ. ಅದರ ಮೇಲೆ ನಿಯಮಗಳ ಭಾರ ಬೇರೆ. ಆದಾಯ ತೆರಿಗೆಯ ವಿನಾಯಿತಿ ಒಮ್ಮೆ ಸಿಕ್ಕರೆ ಶಾಶ್ವತ ಎಂಬ ಕಾಲ 2021ಕ್ಕೆ ಮುಗಿಯಿತು, ಈಗ ಅವಧಿ ಮುಗಿದಂತೆ ನವೀಕರಿಸಬೇಕು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ನಂತರ, ದೊಡ್ಡ ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ಲೆಕ್ಕ ಕೇಳುವುದು ಸರಿ, ನಾನು ಲೆಕ್ಕ ಕೇಳಿಯೇ ಬದುಕುವವನು. ಆದರೆ ಬೆಂಗಳೂರಿನ ಸಂಸ್ಥೆಗೂ ಸುರಪುರದ ತಾಂಡಾದಲ್ಲಿ ರಾತ್ರಿ ಶಾಲೆ ನಡೆಸುವ ಸಂಘಕ್ಕೂ ಒಂದೇ ತೂಕದ ಕಡತ ಹೊರಿಸುವುದು ನ್ಯಾಯವಲ್ಲ.

ಈಗ ನಿಮ್ಮ ಎರಡು ಲಕ್ಷ.

ಟ್ರಸ್ಟ್ ಮಾಡಬೇಡಿ, ಗುರುಗಳೇ. ನೂರಕ್ಕೆ 7ರ ಬಡ್ಡಿ ಸಿಕ್ಕರೂ ಎರಡು ಲಕ್ಷಕ್ಕೆ ವರ್ಷಕ್ಕೆ ಬರುವುದು 14 ಸಾವಿರ. ಡೀಡು, ಪ್ಯಾನ್, ತೆರಿಗೆ ನೋಂದಣಿ, ಪ್ರತಿ ವರ್ಷದ ರಿಟರ್ನು, ನನ್ನಂಥವರ ಫೀ ಎಂದು ಅದರಲ್ಲಿ ದೊಡ್ಡ ಪಾಲು ಹೆಣ್ಣುಮಕ್ಕಳ ಕೈ ಸೇರುವ ಮೊದಲೇ ಕರಗುತ್ತದೆ. ನಿಮ್ಮ ನಂತರ ನೋಡಿಕೊಳ್ಳಬೇಕಾದ ಮಗ ಬೆಂಗಳೂರಿನಲ್ಲಿದ್ದಾನೆ. ಇನ್ನೊಂದು ಹೆಸರು ಪುಸ್ತಕ ಸೇರುತ್ತದೆ, ಹತ್ತು ವರ್ಷದಲ್ಲಿ ಸುಮ್ಮನಾಗುತ್ತದೆ.

ನಮ್ಮಲ್ಲಿ ಇದಕ್ಕೆಂದೇ ಒಂದು ಹಳೆಯ ಪದ್ಧತಿ ಇದೆ, ದತ್ತಿ. ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ, ಸಾಹಿತ್ಯ ಪರಿಷತ್ತಿನಲ್ಲಿ ತಂದೆ-ತಾಯಿ, ಗುರು, ಹೆಂಡತಿಯ ಹೆಸರಿನಲ್ಲಿ ಜನ ಇಟ್ಟ ದತ್ತಿಗಳು ನೂರಾರು. ಮೂಲಧನ ಹಾಗೇ ಉಳಿಯುತ್ತದೆ, ಬಡ್ಡಿಯಲ್ಲಿ ಕೆಲಸ ನಡೆಯುತ್ತದೆ. ನಿಮ್ಮೂರಿನ ಹೈಸ್ಕೂಲಿನ ವಿದ್ಯಾವರ್ಧಕ ಸಂಘದಲ್ಲಿ ಇಡಬಹುದು. ಇಡುವ ಮೊದಲು ಮೂರು ವರ್ಷದ ಆಡಿಟ್ ವರದಿ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಮಹಾಸಭೆಯ ಠರಾವಿನ ಪುಸ್ತಕ ನೋಡಿ, ಒಂದೇ ದಿನ ಕೂತು ಒಂದೇ ಪೆನ್ನಿನಲ್ಲಿ ಐದು ವರ್ಷದ್ದು ಬರೆದಿದ್ದರೆ ಮೇಷ್ಟರಾದ ನಿಮ್ಮ ಕಣ್ಣಿಗೆ ಅದು ಬೀಳದೇ ಇರದು. ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಆ ಸಂಘ ಕೊನೆಯ ಸಲ ಲೆಕ್ಕ ಸಲ್ಲಿಸಿದ್ದು ಯಾವ ವರ್ಷ ಎಂದು ಕೇಳಿ, ಹೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ.

ಎಲ್ಲ ಸರಿಯಿದ್ದರೆ ಹಣವನ್ನು ಚೆಕ್ಕಿನಲ್ಲಿಯೇ ಕೊಡಿ. ಜೊತೆಗೆ ಒಂದು ಪತ್ರ ಬರೆಯಿರಿ: ಇದು ಮೂಲಧನದ ದೇಣಿಗೆ, ಸಂಘದ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು, ಬಡ್ಡಿ ಮಾತ್ರ ಪ್ರತಿ ವರ್ಷ ಬಡ ಹೆಣ್ಣುಮಕ್ಕಳ ಓದಿಗೆ ಹೋಗಬೇಕು, ಎರಡು ವರ್ಷ ಸತತ ಕೊಡದೇ ಹೋದರೆ ಹಣ ಇಂಥ ಸಂಸ್ಥೆಗೆ ಹೋಗಬೇಕು ಎಂದು. ಆ ಪತ್ರವನ್ನು ಒಪ್ಪಿ ಸಂಘದವರು ಠರಾವು ಮಾಡಲಿ, ಅದರ ಪ್ರತಿ ನಿಮ್ಮ ಕೈಗೆ ಬರಲಿ. ರಸೀದಿಯಲ್ಲಿ 'ಮೂಲಧನ' ಎಂಬ ಮಾತು ಇರಲೇಬೇಕು, ಇಲ್ಲದಿದ್ದರೆ ಆ ವರ್ಷದ ಖರ್ಚಿನಲ್ಲಿ ಅದು ಸೇರಿಹೋಗುತ್ತದೆ. ದೇಣಿಗೆ ಕೊಟ್ಟವರಿಗೆ ಸಿಗುವ ತೆರಿಗೆಯ 80ಜಿ ರಿಯಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಸಿಗುವುದಿಲ್ಲ. ನಿಮ್ಮ ಪಿಂಚಣಿಯ ಲೆಕ್ಕ ಹಳೆಯ ಪದ್ಧತಿಯಲ್ಲಿದ್ದರೆ ಮತ್ತು ಸಂಘಕ್ಕೆ ಆ ನೋಂದಣಿ ಇದ್ದರೆ ಮಾತ್ರ ಕೇಳಿ ಪಡೆಯಿರಿ.

ಆದರೆ ಚೆಕ್ಕು ಬರೆಯುವ ಮೊದಲು ಇನ್ನೊಂದು ಕೆಲಸ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಮಹಿಳಾ ಮಂಡಳದ ಬೀಗದ ಕೈ ಯಾರ ಬಳಿ ಇದೆ ಎಂದು ವಿಚಾರಿಸಿ. ನಿಮ್ಮ ಮನೆಯವರು ಬರೆದ ಠರಾವಿನ ಪುಸ್ತಕ, ನೋಂದಣಿ ಪತ್ರ, ಪಾಸ್‌ಬುಕ್ಕು ಒಳಗಿನ ಟ್ರಂಕಿನಲ್ಲಿಯೋ ನಿಮ್ಮ ಮನೆಯ ಅಟ್ಟದಲ್ಲಿಯೋ ಇರಬಹುದು. 1997ರ ಹಿಂದಿನ ಸಂಘವಾಗಿದ್ದರೆ ಮೂಲ ದಾಖಲೆಗೆ ಧಾರವಾಡದಲ್ಲಿಯೂ ಕೇಳಬೇಕಾದೀತು. ಹಳೆಯ ಸದಸ್ಯೆಯರಲ್ಲಿ ಯಾರು ಊರಿನಲ್ಲಿಯೇ ಇದ್ದಾರೆ, ಅವರ ಸೊಸೆಯಂದಿರಲ್ಲಿ ಯಾರಿಗೆ ಮನಸ್ಸಿದೆ, ನೋಡಿ. ಬಾಕಿ ವರ್ಷಗಳ ಲೆಕ್ಕವನ್ನು ದಂಡ ಕಟ್ಟಿ ಸಲ್ಲಿಸಿ ಸಂಘವನ್ನು ಮತ್ತೆ ಚಾಲ್ತಿಗೆ ತರಲು ಏನು ಮಾಡಬೇಕೆಂದು ಹಾವೇರಿಯ ಕಚೇರಿಯಲ್ಲಿ ಕೇಳಿ. ಆ ಹೆಣ್ಣುಮಕ್ಕಳು ಏಳೆಂಟು ಮಂದಿ ಸೇರಿ ಒಂದು ಸಭೆ ನಡೆಸಿದರೂ, ಹೈಸ್ಕೂಲಿನ ದತ್ತಿಯ ಫಲಾನುಭವಿಗಳನ್ನು ಆರಿಸುವ ಹೊಣೆ ಅವರಿಗೇ ಇರಲಿ ಎಂದು ನಿಮ್ಮ ಪತ್ರದಲ್ಲಿ ಒಂದು ಸಾಲು ಸೇರಿಸಬಹುದು. ಪುಸ್ತಕ ಸಿಕ್ಕರೆ ಕೊನೆಯ ಠರಾವಿನ ಪುಟದ ಫೋಟೋ ತೆಗೆದು ನನಗೆ ಕಳಿಸಿ. ಎಲ್ಲಿಂದ ಶುರುಮಾಡಬೇಕೆಂದು ಅದನ್ನು ನೋಡಿ ಹೇಳುತ್ತೇನೆ.